ದೊಡ್ಡಕ್ಕ ಹೇಳಿದ ತಾರೀಖು

ಏಳು ಮಹಡಿಯ ಆ ಆಸ್ಪತ್ರೆ ಶುರುವಾದದ್ದು ಒಂದು ಊಟದ ಮೇಜಿನ ಮೇಲೆ.

ಡಾಕ್ಟರಮ್ಮ ಎರಡು ಕೋಣೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದು ಹೆರಿಗೆ ಆಸ್ಪತ್ರೆ ಎಂದು ಬೋರ್ಡು ಬರೆಸಿದ್ದರು. ಬೋರ್ಡಿನ ಬಣ್ಣ ಇನ್ನೂ ಒಣಗಿರಲಿಲ್ಲ. ಮಂಚಗಳು ಮಾರನೆಯ ದಿನ ಬರಬೇಕಿತ್ತು. ಅಷ್ಟರಲ್ಲೇ, ಬೆಳಿಗ್ಗೆ ಹತ್ತರ ಹೊತ್ತಿಗೆ, ತರಕಾರಿ ಮಾರುವವನೊಬ್ಬ ತನ್ನ ತಳ್ಳುಗಾಡಿಯ ಮೇಲೆ ಹೆಂಡತಿಯನ್ನು ಮಲಗಿಸಿಕೊಂಡು ಬಂದ. ಅವಳ ಕೂಗು ಬೀದಿಯ ತಿರುವಿನಿಂದಲೇ ಕೇಳಿಸುತ್ತಿತ್ತು.

"ಮಂಚ ಇಲ್ವಲ್ಲಮ್ಮಾ," ಎಂದಳು ಹತ್ತೊಂಬತ್ತು ವರ್ಷದ ದಾದಿ. ಅವಳಿಗೂ ಅದು ಕೆಲಸದ ಮೊದಲ ದಿನ.

"ಮಂಚ ನಾಳೆ ಬರುತ್ತೆ, ನೀನೂ ನಾಳೆ ಬಾ ಅಂತ ಕೂಸಿಗೆ ಹೇಳ್ಲಾ? ಮೇಜಿನ ಮೇಲಿನ ತಟ್ಟೆ ಎತ್ತು," ಎಂದರು ಡಾಕ್ಟರಮ್ಮ.

ಮುಕ್ಕಾಲು ಗಂಟೆಯಲ್ಲಿ ಹೆಣ್ಣುಮಗು ಹುಟ್ಟಿತು. ಡಾಕ್ಟರಮ್ಮ ಹೊಕ್ಕುಳಬಳ್ಳಿ ಕತ್ತರಿಸಿ ಮಗುವನ್ನು ದಾದಿಯ ಕೈಗಿಟ್ಟು, "ಕೊಡೋನು ಮೇಲಿದಾನೆ. ನಾವು ಬೀಳದ ಹಾಗೆ ಹಿಡ್ಕೊಳ್ಳೋರು, ಅಷ್ಟೇ," ಎಂದರು. ಆ ಮಾತು ದಾದಿಯ ಮನಸ್ಸಿನಲ್ಲಿ ಪ್ರಾರ್ಥನೆಯಂತೆ ಉಳಿಯಿತು. ಮುಂದೆ ನಲವತ್ತಮೂರು ವರ್ಷ ಪ್ರತಿ ಹೆರಿಗೆಗೂ ಮುಂಚೆ ಅವಳು ಅದನ್ನೇ ಒಳಗೊಳಗೇ ಹೇಳಿಕೊಂಡು ಕೈ ತೊಳೆಯುತ್ತಿದ್ದಳು. ಕಿರಿಯ ದಾದಿಯರು ಬಂದಂತೆ ಅವಳು ದೊಡ್ಡಕ್ಕ ಆದಳು. ಮದುವೆ, ಮಕ್ಕಳು ಎನ್ನುವುದಕ್ಕೆ ಅವಳಿಗೆ ಬಿಡುವೇ ಸಿಗಲಿಲ್ಲ. ಯಾರಾದರೂ ಕೇಳಿದರೆ, "ಆರು ಸಾವಿರ ಮಕ್ಕಳಿದಾರೆ. ಒಬ್ಬರೂ ಮನೆಗೆ ಕಾಗದ ಬರೆಯಲ್ಲ ನೋಡಿ," ಎಂದು ನಗುತ್ತಿದ್ದಳು.

ಆಸ್ಪತ್ರೆ ಬೆಳೆದ ಬಗೆಯನ್ನು ಹೊರಗಿನವರು ಬೇರೆ ಬೇರೆ ರೀತಿ ಹೇಳುತ್ತಾರೆ. ದೊಡ್ಡಕ್ಕನ ಲೆಕ್ಕದಲ್ಲಿ ಒಂದೊಂದು ಗೋಡೆಯ ಹಿಂದೆಯೂ ಒಂದೊಂದು ಸಂಕಟವಿತ್ತು. ಎರಡನೇ ವರ್ಷ ಒಬ್ಬ ತಾಯಿ ರಕ್ತ ಹೋಗಿ ತೀರಿಕೊಂಡಳು. ಡಾಕ್ಟರಮ್ಮ ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ. ನಾಲ್ಕನೇ ದಿನ ಪಕ್ಕದ ಮನೆಯನ್ನು ಕೊಂಡು ಆಪರೇಷನ್ ಕೋಣೆಯನ್ನೂ ರಕ್ತ ಇಡುವ ಪೆಟ್ಟಿಗೆಯನ್ನೂ ಮಾಡಿಸಿದರು. ಅಂದೇ ಒಂದು ಕಟ್ಟಳೆಯನ್ನೂ ಮಾಡಿದರು: ಆಪರೇಷನ್ನಿಗೆ ತಯಾರಿಲ್ಲದ ಹೊತ್ತಿನಲ್ಲಿ ನೋವು ತಿನ್ನುವ ಹೆಂಗಸನ್ನು ಒಂದು ಗಳಿಗೆಯೂ ಇಟ್ಟುಕೊಳ್ಳಕೂಡದು. ತಿಂಗಳು ತುಂಬದ ಕೂಸೊಂದು ಚಳಿಗೆ ತಣ್ಣಗಾದ ಮೇಲೆ ಗಾಜಿನ ಪೆಟ್ಟಿಗೆಗಳು ಬಂದವು. ಬಾಣಂತಿಯ ಗಂಡನೊಬ್ಬ ಹಜಾರದಲ್ಲೇ ಎದೆ ಹಿಡಿದುಕೊಂಡು ಬಿದ್ದ, ಎದೆಯ ಡಾಕ್ಟರು ಬಂದರು. ಹಾಗೆ ಮೇಲೆ ಮೇಲೆ ಕಟ್ಟುತ್ತಾ, ಸುತ್ತ ಸುತ್ತ ಕೊಳ್ಳುತ್ತಾ ಏಳು ಮಹಡಿಯಾಯಿತು. ಮೊದಲಿನ ಎರಡು ಕೋಣೆಗಳು ಮಾತ್ರ ನೆಲಮಹಡಿಯ ಹಿಂಬದಿಯಲ್ಲಿ ಇದ್ದ ಹಾಗೇ ಉಳಿದವು. ಅವೇ ಹೆರಿಗೆ ವಾರ್ಡು. ಗೋಡೆ ದಪ್ಪ, ಕಿಟಕಿ ಸಣ್ಣದು, ನೆಲ ಕೆಂಪು ಗಾರೆಯದು. ಹೊಸದಾಗಿ ಬಂದ ಡಾಕ್ಟರುಗಳು ದಾರಿ ತಪ್ಪಿ ಅಲ್ಲಿಗೆ ಬಂದರೆ, ಯಾರದೋ ಮನೆಗೆ ನುಗ್ಗಿಬಿಟ್ಟೆವೆಂದು ತಿಳಿದು "ಸಾರಿ" ಎಂದು ಹಿಂದಕ್ಕೆ ಹೋಗುತ್ತಿದ್ದರು.

ಡಾಕ್ಟರಮ್ಮನಿಗೆ ವಯಸ್ಸಾಗಿ ಮಗ ಆಡಳಿತ ವಹಿಸಿಕೊಂಡ. ಅವನನ್ನು ಎಲ್ಲರೂ ಚಿಕ್ಕ ಡಾಕ್ಟರು ಎನ್ನುತ್ತಿದ್ದರು, ಐವತ್ತು ತುಂಬುತ್ತಾ ಬಂದು ತಲೆ ನೆರೆತಿದ್ದರೂ. ಅವನು ಐದು ವರ್ಷದವನಿದ್ದಾಗಿನಿಂದ ದೊಡ್ಡಕ್ಕ ಅವನಿಗೆ ತಲೆ ಬಾಚಿ ಶಾಲೆಗೆ ಕಳಿಸಿದ್ದಳು. ಒಂದು ಸೋಮವಾರ ಅವನು ಅವಳನ್ನು ತನ್ನ ಕೋಣೆಗೆ ಕರೆದ. ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

"ದೊಡ್ಡಕ್ಕ, ಇದು ನನಗೂ ಹೇಳೋಕೆ ಕಷ್ಟ," ಎಂದು ಅವನು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. "ತಿಂಗಳಿಗೆ ಆರೇಳು ಹೆರಿಗೆ ಆಗ್ತಿದೆ. ಹೆರಿಗೆ ಡಾಕ್ಟರು ಕೆಲಸ ಬಿಡ್ತಿದಾರೆ. ಮೂವತ್ತಕ್ಕೆ ಕೊನೇ ದಿನ. ಬದಲಿಗೆ ಯಾರೂ ಸಿಕ್ತಿಲ್ಲ, ಎಂಟು ತಿಂಗಳಿಂದ ಹುಡುಕ್ತಿದೀನಿ. ಮೂವತ್ತಕ್ಕೆ ವಾರ್ಡು ಮುಚ್ತೀವಿ. ಅಲ್ಲಿಗೆ ಎದೆಯ ಸ್ಕ್ಯಾನ್ ಯಂತ್ರ ಬರುತ್ತೆ. ಭಾರದ್ದು, ಮೇಲಿನ ಮಹಡಿ ತಡೆಯಲ್ಲವಂತೆ."

"ಮರ ಬೆಳೆದು ಬೇರಿಗೆ ಜಾಗ ಇಲ್ಲ ಅನ್ನೋ ಹಾಗಾಯ್ತಲ್ಲ ಮಗಾ," ಎಂದಳು ದೊಡ್ಡಕ್ಕ.

"ಬಯ್ಯಿರಿ, ಬಯ್ಸಿಕೊಳ್ತೀನಿ."

"ಬಯ್ಯೋಕೆ ನೀನೇನು ತಪ್ಪು ಮಾಡಿದೀಯ? ತಪ್ಪು ಮಾಡಿದವರು ಯಾರಾದ್ರೂ ಸಿಕ್ಕಿದ್ರೆ ಚೆನ್ನಾಗಿರ್ತಿತ್ತು."

ಅವನು ಹನ್ನೊಂದು ಲಕೋಟೆಗಳನ್ನು ಮುಂದಿಟ್ಟ. ವಾರ್ಡಿನಲ್ಲಿ ಹೆಸರು ಬರೆಸಿ ಹೆರಿಗೆಗೆ ಕಾಯುತ್ತಿದ್ದವರು ಹನ್ನೊಂದು ಮಂದಿ. ನದಿಯಾಚೆಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಒಬ್ಬೊಬ್ಬರಿಗೂ ಒಂದೊಂದು ಪತ್ರ. ಅಲ್ಲಿ ಗುರುವಾರ ಮಾತ್ರ ಹೊಸ ಗರ್ಭಿಣಿಯರ ಹೆಸರು ಬರೆದುಕೊಳ್ಳುತ್ತಿದ್ದರು. "ಇವತ್ತೇ ಹಂಚಿಬಿಡಿ ದೊಡ್ಡಕ್ಕ. ನೀವು ಕೊಟ್ರೆ ಯಾರೂ ಗಾಬರಿ ಆಗಲ್ಲ."

ಹನ್ನೊಂದನೇ ಪತ್ರ ಟೈಲರ್ ಹುಡುಗಿಯದು.

ಅವಳನ್ನು ಹುಡುಗಿ ಎನ್ನುವುದು ಅಭ್ಯಾಸಬಲ. ಇಪ್ಪತ್ತೆಂಟು ವರ್ಷದವಳು, ಆಸ್ಪತ್ರೆಯ ಎದುರು ಬೀದಿಯಲ್ಲೇ ಹೊಲಿಗೆ ಅಂಗಡಿ ಇಟ್ಟವಳು. ಅವಳ ತಾಯಿ ಅದೇ ಬೀದಿಯ ಇಸ್ತ್ರಿಯಮ್ಮ. ಇಸ್ತ್ರಿಯಮ್ಮನಿಗೆ ಬೇರೆ ಕಡೆ ಎರಡು ಕೂಸು ಹೋಗಿ, ಮೂರನೆಯದಾಗಿ ಈ ಮಗಳು ದೊಡ್ಡಕ್ಕನ ಕೈಯಲ್ಲಿ ಹುಟ್ಟಿ ಉಳಿದಿದ್ದಳು. ಆ ಮಗಳು ಹೋದ ವರ್ಷ ಗಂಡನ ಊರಿಂದ ಬರುವ ದಾರಿಯಲ್ಲಿ ನೋವು ಬಂದು ನದಿಯಾಚೆಯ ಆ ಆಸ್ಪತ್ರೆಗೇ ಸೇರಿದ್ದಳು. ಏಳು ತಿಂಗಳ ಕೂಸು. ಬೆಂಚಿನ ಮೇಲೆ ಮೂರು ತಾಸು ಕೂತಿದ್ದಳಂತೆ. ಒಳಗೆ ಕರೆಯುವ ಹೊತ್ತಿಗೆ ಹೊಟ್ಟೆಯೊಳಗೆ ಎಲ್ಲ ಸುಮ್ಮನಾಗಿತ್ತು. ಈ ಸಲ ಬಸುರೆಂದು ತಿಳಿದ ದಿನವೇ ಬಂದು ದೊಡ್ಡಕ್ಕನ ಎರಡೂ ಕೈ ಹಿಡಿದುಕೊಂಡು, "ಅಲ್ಲಿಗೆ ಮಾತ್ರ ನನ್ನ ಕಳಿಸ್ಬೇಡಿ" ಎಂದು ಅತ್ತಿದ್ದಳು. ದೊಡ್ಡಕ್ಕ, "ಕಳಿಸಲ್ಲ. ನಿನ್ನ ಮಗು ಇಲ್ಲೇ, ನನ್ನ ಕೈಗೇ ಬರುತ್ತೆ," ಎಂದು ಮಾತು ಕೊಟ್ಟಿದ್ದಳು. ಅವಳು ಅಷ್ಟು ಸುಲಭಕ್ಕೆ ಮಾತು ಕೊಡುವವಳಲ್ಲ. ಕೊಟ್ಟು ತಪ್ಪಿದವಳೂ ಅಲ್ಲ.

ಸ್ಕ್ಯಾನಿನಲ್ಲಿ ಹೆರಿಗೆಯ ದಿನ ಮುಂದಿನ ತಿಂಗಳ ಎಂಟು ಎಂದು ಬಂದಿತ್ತು. ವಾರ್ಡು ಮುಚ್ಚಿ ಎಂಟು ದಿನಕ್ಕೆ.

ಆ ವಾರ್ಡಿನಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಮಂಚದ ಚೀಟಿಯ ಮೇಲೂ ಎರಡು ತಾರೀಖು ಬರೆಯುತ್ತಿದ್ದರು. ಮೇಲಿನದು ಡಾಕ್ಟರು ಹೇಳಿದ್ದು, ಕೆಳಗಿನದು ದೊಡ್ಡಕ್ಕ ಹೇಳಿದ್ದು. ಅವಳು ಬಸುರಿಯ ಪಕ್ಕೆಯ ಕೆಳಗೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಕೂಸಿನ ತಲೆ ಎಷ್ಟು ಇಳಿದಿದೆ ಎಂದು ನೋಡಿ ದಿನ ಹೇಳುತ್ತಿದ್ದಳು. ಡಾಕ್ಟರಮ್ಮನೇ ತಮಾಷೆಗೆ ಶುರು ಮಾಡಿದ್ದು ಅದು. ಹತ್ತಕ್ಕೆ ಎಂಟು ಸಲ ಕೆಳಗಿನ ತಾರೀಖೇ ನಿಜವಾದ ಮೇಲೆ ತಮಾಷೆ ಹೋಗಿ ನಂಬಿಕೆ ಉಳಿಯಿತು.

ಹತ್ತು ಪತ್ರ ಹಂಚಿದ ಮೇಲೆ ದೊಡ್ಡಕ್ಕ ಟೈಲರ್ ಹುಡುಗಿಯನ್ನು ಮಂಚದ ಮೇಲೆ ಮಲಗಿಸಿ ಅಂಗೈ ಇಟ್ಟಳು. ಕಣ್ಣು ಮುಚ್ಚಿದಳು. ಇಸ್ತ್ರಿಯಮ್ಮ ಮಗಳ ತಲೆಯ ಬಳಿ ನಿಂತಿದ್ದಳು.

"ಇಪ್ಪತ್ತಾರು," ಎಂದಳು ದೊಡ್ಡಕ್ಕ.

"ಈ ತಿಂಗಳಾ?"

"ಈ ತಿಂಗಳೇ. ತಲೆ ಇಳೀತಿದೆ."

"ಹಾಗಾದ್ರೆ ಎಲ್ಲರಿಗೂ ಕೊಡ್ತಿರೋ ಆ ಕಾಗದ ನಮಗೆ ಬೇಡ್ವಾ?" ಎಂದು ಮಗಳು ಕೇಳಿದಳು.

"ಸುಮ್ನಿರೇ," ಎಂದು ಇಸ್ತ್ರಿಯಮ್ಮ ಗದರಿದಳು. "ದೊಡ್ಡಕ್ಕ ಹೇಳಿದ್ಮೇಲೆ ಕಾಗದ ಯಾಕೆ? ಸೂರ್ಯನಿಗೆ ಟಾರ್ಚ್ ಬಿಟ್ಟು ನೋಡ್ತೀಯಾ?"

ಪತ್ರ ದೊಡ್ಡಕ್ಕನ ಅಂಗಿಯ ಜೇಬಿನಲ್ಲೇ ಇತ್ತು. ಕೊಟ್ಟರೆ ತನ್ನ ಮಾತನ್ನು ತಾನೇ ಅರ್ಧ ಹಿಂದಕ್ಕೆ ತೆಗೆದುಕೊಂಡಂತೆ ಎನಿಸಿತು. ಕೊಡಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ಒಂದು ಸಣ್ಣ ಅನುಮಾನ ಕಾಲಿನ ಮುಳ್ಳಿನಂತೆ ಚುಚ್ಚಿತು. ಅಂಗೈ ಹೇಳಿದ್ದೋ, ಆಸೆ ಹೇಳಿದ್ದೋ? ಆಸೆ ಅಂಗೈಗೆ ಇಳಿದರೆ ಬಿಡಿಸಿ ನೋಡುವುದು ಯಾರಿಂದಾದೀತು? ದೇವರೇ, ನೀನು ಕೊಡುವ ದಿನವನ್ನು ನಾನು ನಿಶ್ಚಯಿಸಲು ಹೊರಟೆನೇ, ಎಂದು ಕೇಳಿಕೊಂಡಳು. ಉತ್ತರ ಬರಲಿಲ್ಲ. ಅವಳೂ ಗಟ್ಟಿಯಾಗಿ ಕೇಳಿರಲಿಲ್ಲ.

ಎರಡು ಗುರುವಾರ ಕಳೆದವು. ಹತ್ತು ಹೆಂಗಸರೂ ನದಿಯಾಚೆ ಹೆಸರು ಬರೆಸಿ ಬಂದರು.

ಒಂದು ಮಧ್ಯಾಹ್ನ ದೊಡ್ಡಕ್ಕ ಆಸ್ಪತ್ರೆಯ ಹಿಂದಿನ ಮನೆಗೆ ಹೋದಳು. ಡಾಕ್ಟರಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತನಾಲ್ಕು ವರ್ಷ. ನೆನಪು ಎರಡು ವರ್ಷದಿಂದ ಸೋರಿಹೋಗಿತ್ತು. ಆದರೂ ಒಂದು ಮಾತು ಅವರ ಬಾಯಿಂದ ಬಂದರೆ ಮಗ ಕೇಳದೆ ಇರಲಾರ ಎಂದು ದೊಡ್ಡಕ್ಕ ಎಣಿಸಿದ್ದಳು. ಹತ್ತೇ ದಿನ ಮುಂದಕ್ಕೆ ಹಾಕಲಿ, ಸಾಕು. ಕಾಲ ಬಳಿ ಕೂತಳು.

"ಅಮ್ಮಾ, ವಾರ್ಡು ಮುಚ್ತಾರಂತೆ."

ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದರು. "ನಾಲ್ಕನೇ ಮಂಚದವಳು ಹೇಗಿದಾಳೆ?"

"ಚೆನ್ನಾಗಿದಾಳಮ್ಮಾ."

"ನೀರು ಒಡೀತಾ?"

"ಇನ್ನೂ ಇಲ್ಲ."

"ಮತ್ತೆ ಇಲ್ಲಿ ಕೂತು ಏನ್ ಮಾಡ್ತಿದೀಯೇ? ನೋವು ತಿನ್ನೋರನ್ನ ಒಂಟಿಯಾಗಿ ಬಿಟ್ಟು ಹರಟೆ ಹೊಡೆಯೋಕೆ ಬಂದಿದಾಳೆ! ಏಳು, ಹೋಗು," ಎಂದು ಹಳೆಯ ಗಡಸು ದನಿಯಲ್ಲಿ ಗದರಿದರು.

"ಹೋದೆ ಅಮ್ಮಾ," ಎಂದು ದೊಡ್ಡಕ್ಕ ಎದ್ದು ಬಂದಳು.

ಇಪ್ಪತ್ತಾರು ಬಂತು. ಟೈಲರ್ ಹುಡುಗಿ ಬೆಳಿಗ್ಗೆಯೇ ಸ್ನಾನ ಮಾಡಿ, ಬಟ್ಟೆಯ ಗಂಟು ಕಟ್ಟಿಕೊಂಡು, ತಾನೇ ಹೊಲಿದ ಅಂಗೈಯಗಲದ ಅಂಗಿಗಳನ್ನು ಇಟ್ಟುಕೊಂಡು ಬಂದು ಮಂಚದ ಮೇಲೆ ಕೂತಳು. ಸಂಜೆಯವರೆಗೂ ಏನೂ ಇಲ್ಲ.

"ನಿನ್ನ ಮಗೂಗೆ ಕ್ಯಾಲೆಂಡರ್ ಓದೋಕೆ ಬರಲ್ಲ ಕಣೇ," ಎಂದು ಕಿರಿಯ ದಾದಿ ನಗಿಸಿದಳು.

"ಅಪ್ಪನ ಹಾಗೆ. ಅವರೂ ಹೇಳಿದ ಹೊತ್ತಿಗೆ ಯಾವತ್ತು ಬಂದಿದಾರೆ?"

ಎಲ್ಲರೂ ನಕ್ಕರು. ಇಪ್ಪತ್ತೇಳರಂದು ನಗು ಕಡಿಮೆಯಾಯಿತು. ದೊಡ್ಡಕ್ಕ ಅವಳನ್ನು ಹಜಾರದುದ್ದಕ್ಕೂ ನಡೆಸಿದಳು, ಮೆಟ್ಟಿಲು ಹತ್ತಿಸಿ ಇಳಿಸಿದಳು. ಇಪ್ಪತ್ತೆಂಟರಂದು ಮತ್ತೆ ಅಂಗೈ ಇಟ್ಟಳು. ಈ ಸಲ ಅಂಗೈ ಏನನ್ನೂ ಹೇಳಲಿಲ್ಲ. ಬರೀ ಬಿಸಿ ಚರ್ಮ, ಅದರ ಕೆಳಗೆ ತನ್ನ ಪಾಡಿಗೆ ತಾನು ಮಲಗಿದ ಜೀವ. ಜೇಬಿನ ಪತ್ರ ಮಡಿಕೆ ಮಡಿಕೆಯಾಗಿತ್ತು. ತೆಗೆದು ಮಗಳ ಕೈಗಿಡಲಾರದೆ ತಾಯಿಯ ಕೈಗಿಟ್ಟಳು.

"ಒಂದು ಸಲ ಹೋಗಿ ಹೆಸರು ಬರೆಸಿ ಬನ್ನಿ. ಸುಮ್ಮನೆ, ಇರಲಿ ಅಂತ."

ಇಸ್ತ್ರಿಯಮ್ಮ ಪತ್ರದ ಮೇಲಿನ ತಾರೀಖು ನೋಡಿದಳು. ಓದು ಕಲಿತವಳಲ್ಲ, ಅಂಕಿ ಬರುತ್ತಿತ್ತು. "ಇದು ಮೂರನೇ ತಾರೀಖಿಂದು. ಇಷ್ಟು ದಿನ ಎಲ್ಲಿತ್ತು?"

ದೊಡ್ಡಕ್ಕ ಸುಳ್ಳು ಹೇಳುವವಳಲ್ಲ. "ನನ್ನ ಜೇಬಲ್ಲಿ."

ಇಸ್ತ್ರಿಯಮ್ಮ ಪತ್ರವನ್ನು ಮಡಿಸಿಕೊಂಡು ಹೋದಳು. ಅಂದು ಶುಕ್ರವಾರ. ನದಿಯಾಚೆಯ ಆಸ್ಪತ್ರೆಯವರು, "ಮುಂದಿನ ಗುರುವಾರ ಬನ್ನಿ," ಎಂದು ವಾಪಸ್ಸು ಕಳಿಸಿದರು.

ಮೂವತ್ತರಂದು ವಾರ್ಡು ಮುಚ್ಚಿತು. ಹೆರಿಗೆ ಡಾಕ್ಟರು ಎಲ್ಲರ ಕೈ ಕುಲುಕಿ ಹೋದರು. ಚಿಕ್ಕ ಡಾಕ್ಟರು ದೊಡ್ಡಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ. ಮುಂಬಾಗಿಲ ವಿಚಾರಣೆಯ ಮೇಜಿಗೆ ಹಾಕಿದ. ಯಾವ ಮಹಡಿಯಲ್ಲಿ ಯಾವ ಡಾಕ್ಟರು ಎಂದು ಹೇಳುವ ಕೆಲಸ. "ಆರನೇ ಮಹಡಿ, ಬಲಕ್ಕೆ," ಎಂದು ಹೇಳುತ್ತಾ ಅವಳು ಎರಡು ದಿನ ಕಳೆದಳು. ತಾನು ಆರನೇ ಮಹಡಿಯನ್ನು ಸರಿಯಾಗಿ ನೋಡಿಯೇ ಇಲ್ಲ ಎಂಬುದು ಆಗ ಅವಳಿಗೆ ಗೊತ್ತಾಯಿತು. ಹಿಂಬದಿಯಿಂದ ನೆಲ ಅಗೆಯುವ ಸದ್ದು ಬರುತ್ತಿತ್ತು.

ಮೂರನೇ ದಿನ, ಬುಧವಾರ ಹನ್ನೊಂದೂವರೆಗೆ, ಆಟೋ ಬಂದು ಬಾಗಿಲಲ್ಲಿ ನಿಂತಿತು. ಟೈಲರ್ ಹುಡುಗಿ ತಾಯಿಯ ಹೆಗಲಿಗೆ ಒರಗಿ ಇಳಿದಳು. ತುಟಿ ಕಚ್ಚಿಕೊಂಡಿದ್ದಳು. ಮೆಟ್ಟಿಲ ಮೇಲೆ ನೀರು ಚೆಲ್ಲಿತು.

"ನಾಳೆ ಗುರುವಾರ ಇತ್ತಲ್ಲ ದೊಡ್ಡಕ್ಕ," ಎಂದಳು ಅವಳು, ತಾನೇ ತಪ್ಪು ಮಾಡಿದವಳಂತೆ. "ಒಂದು ದಿನ ತಡ್ಕೊಳ್ಳಲಿಲ್ಲ ಇದು."

ದೊಡ್ಡಕ್ಕ ಅವಳನ್ನು ತಳ್ಳುಕುರ್ಚಿಯಲ್ಲಿ ಕೂರಿಸಿದಳು. ಕಾಲು ತಾನಾಗಿ ಹಿಂಬದಿಗೆ ತಿರುಗಿತು. ಹಜಾರದ ಕೊನೆಯಲ್ಲಿ ಬಾಗಿಲೇ ಇರಲಿಲ್ಲ. ಚೌಕಟ್ಟಿನಾಚೆ ಕೆಂಪು ಗಾರೆ ಚೂರು ಚೂರಾಗಿ ರಾಶಿ ಬಿದ್ದಿತ್ತು. ಸೊಂಟದಾಳದ ಗುಂಡಿಯಲ್ಲಿ ಇಬ್ಬರು ನಿಂತು ಕಬ್ಬಿಣದ ಸರಳು ಕಟ್ಟುತ್ತಿದ್ದರು. ಅವರು ತಲೆಯೆತ್ತಿ ನೋಡಿದರು. "ಈ ಕಡೆ ದಾರಿ ಇಲ್ಲಮ್ಮಾ," ಎಂದ ಒಬ್ಬ.

ಯಾರೋ ಚಿಕ್ಕ ಡಾಕ್ಟರನ್ನು ಕರೆದರು. ಅವನು ಮೆಟ್ಟಿಲಿಳಿದು ಓಡಿ ಬಂದ.

"ಎರಡು ತಾಸು ಕೊಡು ಮಗಾ," ಎಂದಳು ದೊಡ್ಡಕ್ಕ. ಎಲ್ಲರೆದುರು ಅವನನ್ನು ಮಗಾ ಎಂದದ್ದು ಅದೇ ಮೊದಲು. "ಯಾವುದಾದ್ರೂ ಒಂದು ಕೋಣೆ. ನಾನಿದೀನಿ. ಊಟದ ಮೇಜಿನ ಮೇಲೆ ಮಾಡಿದೀವಿ ನಾವು."

"ಆಪರೇಷನ್ ಬೇಕಾದ್ರೆ ಯಾರು ಮಾಡ್ತಾರೆ ದೊಡ್ಡಕ್ಕ? ನಾನು ಮೂಳೆ ಡಾಕ್ಟರು. ಎದೆಯವರಿದಾರೆ, ಕಣ್ಣಿನವರಿದಾರೆ. ಏಳು ಮಹಡೀಲಿ ಇವಳ ಕೂಸು ತೆಗೆಯೋರು ಒಬ್ಬರಿಲ್ಲ." ಮಾತಾಡುತ್ತಲೇ ಅವನು ಮೊಣಕಾಲೂರಿ ಹುಡುಗಿಯ ಹೊಟ್ಟೆಗೆ ಸ್ಟೆತಸ್ಕೋಪು ಇಟ್ಟ. ಜಾಗ ಬದಲಿಸಿದ. ಮತ್ತೆ ಇಟ್ಟು, ಗಡಿಯಾರ ನೋಡಿದ. ಅವನ ಮುಖದ ಬಣ್ಣ ತಿರುಗಿದ್ದನ್ನು ದೊಡ್ಡಕ್ಕ ಕಂಡಳು. ಅವನ ಕೈಯಿಂದ ಸ್ಟೆತಸ್ಕೋಪು ತೆಗೆದುಕೊಂಡು ತಾನೂ ಕೇಳಿದಳು. ಕೂಸಿನ ಎದೆಬಡಿತ ನಿಧಾನವಾಗಿತ್ತು. ದಣಿದವರು ಮೆಟ್ಟಿಲು ಹತ್ತುವಂತೆ, ನಿಂತು ನಿಂತು.

"ಅಮ್ಮನ ಕಟ್ಟಳೆ," ಎಂದ ಚಿಕ್ಕ ಡಾಕ್ಟರು ಮೆಲ್ಲಗೆ. "ನೀವೇ ನನಗೆ ಹೇಳಿಕೊಟ್ಟಿದ್ದು."

"ಗಾಡಿ ಕರೆಸು," ಎಂದಳು ದೊಡ್ಡಕ್ಕ.

ಆಂಬುಲೆನ್ಸಿನಲ್ಲಿ ಟೈಲರ್ ಹುಡುಗಿ ಅವಳ ಮುಂಗೈ ಹಿಡಿದಿದ್ದಳು. ಉಗುರು ಚರ್ಮಕ್ಕಿಳಿದಿತ್ತು. ಸೇತುವೆಯ ಮೇಲೆ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಸೈರನ್ನು ಎಷ್ಟು ಕೂಗಿದರೂ ಸರಿಯಲು ಯಾರಿಗೂ ಜಾಗವಿರಲಿಲ್ಲ. ಇಸ್ತ್ರಿಯಮ್ಮ ಕಿಟಕಿಯಾಚೆ ನೀರನ್ನೇ ನೋಡುತ್ತಿದ್ದಳು.

"ಅಲ್ಲಿಗೇ ಹೋಗ್ತಿದೀವಾ?" ಎಂದು ಹುಡುಗಿ ಕೇಳಿದಳು.

"ಹೂಂ."

"ನೀವು ಒಳಗೆ ಬರ್ತೀರಲ್ಲ?"

ದೊಡ್ಡಕ್ಕನಿಗೆ ಒಮ್ಮೆ ಕೊಟ್ಟ ಮಾತಿನ ಬಿಸಿ ಇನ್ನೂ ನಾಲಿಗೆಯ ಮೇಲಿತ್ತು. ಇನ್ನೊಂದು ಮಾತು ಕೊಡಲು ಬಾಯಿ ಬರಲಿಲ್ಲ. "ಕೇಳ್ತೀನಿ ಕಂದಾ," ಎಂದಳು.

ಚಿಕ್ಕ ಡಾಕ್ಟರು ಫೋನು ಮಾಡಿದ್ದರಿಂದ ನದಿಯಾಚೆ ಬೆಂಚಿನ ಮೇಲೆ ಕಾಯಿಸಲಿಲ್ಲ. ಸ್ಟ್ರೆಚರು ಬಂತು. ಎರಡು ಕದದ ಬಾಗಿಲು ತೆರೆಯಿತು. ದೊಡ್ಡಕ್ಕ ಸ್ಟ್ರೆಚರಿನ ಜೊತೆಗೇ ಹೆಜ್ಜೆ ಹಾಕಿದಳು. ಬಾಗಿಲಲ್ಲಿ ಒಬ್ಬ ಎಳೆಯ ದಾದಿ ಅಡ್ಡ ಕೈ ಇಟ್ಟಳು.

"ನೀವು ಯಾರಾಗ್ಬೇಕು ಇವರಿಗೆ?"

ದೊಡ್ಡಕ್ಕ ಬಾಯಿ ತೆರೆದಳು. ತಾಯಲ್ಲ, ಅತ್ತೆಯಲ್ಲ, ಅಕ್ಕನಲ್ಲ. ದಾದಿ ಎಂದರೆ ಎಲ್ಲಿಯ ದಾದಿ? "ನಾನು ಹೆರಿಗೆ ಮಾಡಿಸೋಳು," ಎಂದಳು.

"ಅದಕ್ಕೆ ಒಳಗೆ ಇದಾರಮ್ಮಾ. ಕೂತ್ಕೊಳಿ." ದನಿಯಲ್ಲಿ ಒರಟಿರಲಿಲ್ಲ. ಇಂಥ ನೂರು ಮಂದಿಯನ್ನು ಬೆಳಿಗ್ಗೆಯಿಂದ ಕೂರಿಸಿದ ದಣಿವಿತ್ತು. ಹುಡುಗಿಯ ಬೆರಳುಗಳು ದೊಡ್ಡಕ್ಕನ ಮುಂಗೈಯಿಂದ ಒಂದೊಂದಾಗಿ ಜಾರಿದವು. ಬಾಗಿಲು ಮುಚ್ಚಿತು.

ನಲವತ್ತಮೂರು ವರ್ಷದಲ್ಲಿ ದೊಡ್ಡಕ್ಕ ಹೆರಿಗೆ ಕೋಣೆಯ ಬಾಗಿಲನ್ನು ಹೊರಗಿನಿಂದ ಕಂಡವಳೇ ಅಲ್ಲ. ಅದರ ಹೊರಗೆ ಹೊತ್ತು ಹೇಗೆ ಹೋಗುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಒಳಗೆ ಮಾಡಲು ಕೆಲಸವಿರುತ್ತಿತ್ತು. ಇಲ್ಲಿ ಕಾಲಿನ ಕೆಳಗಿನ ಹಾಸುಗಲ್ಲನ್ನು ನೋಡಬೇಕು, ಬಾಗಿಲನ್ನು ನೋಡಬೇಕು. ಒಳಗಿನಿಂದ ಒಂದು ಕೂಸು ಅತ್ತಿತು. ಬೆಂಚಿನ ಮೇಲಿದ್ದ ಏಳೆಂಟು ಮಂದಿ ಒಟ್ಟಿಗೆ ತಲೆಯೆತ್ತಿದರು. ಯಾರದೆಂದು ಯಾರಿಗೂ ಗೊತ್ತಾಗಲಿಲ್ಲ. ಪ್ರಾರ್ಥನೆ ಮಾಡಲು ಹೊರಟಳು. ಕೊಡುವವನು ಮೇಲಿದ್ದಾನೆ ಎನ್ನುವವರೆಗೆ ಬಂದಿತು, ಮುಂದಿನದು ಬರಲಿಲ್ಲ.

ಇಸ್ತ್ರಿಯಮ್ಮ ಅವಳ ಪಕ್ಕದಲ್ಲೇ ಕೂತಿದ್ದಳು. ಬಹಳ ಹೊತ್ತಿನ ಮೇಲೆ, ಬಾಗಿಲ ಕಡೆ ನೋಡುತ್ತಲೇ, ಹೇಳಿದಳು: "ನೀವು ಕಾಗದ ಕೊಟ್ಟಿದ್ರೂ ನಾನು ಹರಿದು ಹಾಕ್ತಿದ್ದೆ. ಅದೂ ನನಗೆ ಗೊತ್ತು." ಸ್ವಲ್ಪ ಬಿಟ್ಟು, "ಆದ್ರೂ ನೀವು ಕೊಡಬೇಕಿತ್ತು."

"ಕೊಡಬೇಕಿತ್ತು," ಎಂದಳು ದೊಡ್ಡಕ್ಕ.

ಎರಡೂವರೆಗೆ ಬಾಗಿಲು ತೆರೆಯಿತು. "ನದಿಯಾಚೆಯಿಂದ ಆಂಬುಲೆನ್ಸಲ್ಲಿ ಬಂದೋರ ಕಡೆಯವರು ಯಾರು?" ಎಂದಳು ಆ ಎಳೆಯ ದಾದಿ. ಇಬ್ಬರೂ ಎದ್ದರು. "ಆಪರೇಷನ್ ಆಯ್ತು. ತಾಯಿಗೆ ಇನ್ನೂ ಎಚ್ಚರ ಬಂದಿಲ್ಲ, ಬರುತ್ತೆ. ಕೂಸು ಅಳಲಿಲ್ಲ. ಉಸಿರಿಗೆ ಯಂತ್ರ ಹಾಕಿ ಮೇಲೆ ಕಳಿಸಿದೀವಿ. ಮೂರು ದಿನ ಏನೂ ಹೇಳೋಕಾಗಲ್ಲ."

"ಉಸಿರಾಡೋಕೆ ಎಷ್ಟು ನಿಮಿಷ ತಗೊಂಡಿತು?" ಎಂದಳು ದೊಡ್ಡಕ್ಕ. "ಬಣ್ಣ ಹೇಗಿತ್ತು? ಕೈಕಾಲು ಮಡಚ್ತಾ?"

ದಾದಿ ಅವಳನ್ನು ಒಂದು ಗಳಿಗೆ ನೋಡಿದಳು. "ಅದೆಲ್ಲ ಡಾಕ್ಟರು ಹೇಳ್ತಾರಮ್ಮಾ. ಒಬ್ಬರು ಮಾತ್ರ ಬರಬಹುದು. ಅಜ್ಜಿ ಯಾರು?"

ಇಸ್ತ್ರಿಯಮ್ಮ ಮುಂದೆ ಹೋದಳು. ಬಾಗಿಲ ಬಳಿ ನಿಂತು, ಹಿಂತಿರುಗಿ ನೋಡುವಳೋ ಎನ್ನುವಂತೆ ತಲೆ ಸ್ವಲ್ಪ ಹೊರಳಿಸಿದಳು. ನೋಡಲಿಲ್ಲ. ಒಳಗೆ ಹೋದಳು.

ದೊಡ್ಡಕ್ಕ ಮತ್ತೆ ಬೆಂಚಿನ ಮೇಲೆ ಕೂತಳು. ಹಜಾರದ ಆ ತುದಿಯಿಂದ ಇನ್ನೊಂದು ಸ್ಟ್ರೆಚರು ಬರುತ್ತಿತ್ತು, ಅದರ ಮೇಲೆ ಕೂಗುವ ಇನ್ನೊಬ್ಬ ಹೆಂಗಸು.

"ಅಜ್ಜೀ, ಕಾಲು ಸ್ವಲ್ಪ ಒಳಗೆ ತಗೊಳಿ," ಎಂದ ಅದನ್ನು ತಳ್ಳುವವನು.

ದೊಡ್ಡಕ್ಕ ಕಾಲು ಮಡಚಿಕೊಂಡಳು.